ಸಾಕುಮೊಲಗಳನ್ನು ಸುರಕ್ಷಿತವಾಗಿ ಹಿಡಿಯುವ ಕ್ರಮ ಮತ್ತು ಅವು ಆಕಸ್ಮಿಕವಾಗಿ ಬಿದ್ದಾಗ ಕೈಗೊಳ್ಳಬೇಕಾದ ಕ್ರಮಗಳು

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ ಪಾಠ)

ಗ್ರಾಮ ಪಂಚಾಯಿತಿಯ ಸಭೆಗಳಲ್ಲಿ ಹಸು, ಎಮ್ಮೆ, ಕುರಿ, ಕೋಳಿಗಳ ವಿಷಯ ಚರ್ಚೆಗೆ ಬರುವುದು ಸಹಜ. ಮೊಲದ ವಿಷಯ ಬರುವುದು ಅಪರೂಪ. ಆದರೆ ಮಕ್ಕಳ ಒತ್ತಾಯಕ್ಕೆ ಮಣಿದು ಸಂತೆಯಿಂದ ಮೊಲದ ಜೋಡಿಯನ್ನು ತಂದ ಮನೆಗಳು, ಆವರಣದಲ್ಲಿ ಮೊಲದ ಪಂಜರವಿರುವ ಶಾಲೆಗಳು, ಉಪಕಸುಬಾಗಿ ಹತ್ತಿಪ್ಪತ್ತು ಮೊಲಗಳನ್ನು ಸಾಕುತ್ತಿರುವ ಸ್ವಸಹಾಯ ಗುಂಪಿನ ಸದಸ್ಯೆಯರು ನಮ್ಮ ಗ್ರಾಮಗಳಲ್ಲಿಯೂ ಇದ್ದಾರೆ. ಸಂವಿಧಾನದ 11ನೆಯ ಅನುಸೂಚಿಯು ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ ಪಶುಸಂಗೋಪನೆಯನ್ನೂ ಹೆಸರಿಸಿದೆ. ಪ್ರಾಣಿ ಚಿಕ್ಕದೆಂಬ ಕಾರಣಕ್ಕೆ ಅದರ ಪಾಲನೆಯು ಈ ಹೊಣೆಯಿಂದ ಹೊರಗುಳಿಯುವುದಿಲ್ಲ.

ಮೊಲಕ್ಕೆ ಒದಗುವ ಅಪಾಯಗಳಲ್ಲಿ ಕೆಲವು ಪ್ರೀತಿಯಿಂದ ಎತ್ತಿಕೊಂಡವರ ಕೈಯಿಂದಲೇ ಬರುತ್ತವೆ ಎಂಬುದು ವಿಷಾದದ ಸಂಗತಿ. ಈ ಪಾಠದ ಸಾರವನ್ನು ಎರಡು ಮಾತುಗಳಲ್ಲಿ ಹೇಳಬಹುದು. ಹಿಡಿಯುವಾಗ ಮೊಲದ ಹಿಂಭಾಗಕ್ಕೆ ಆಧಾರ ಕೊಡಬೇಕು. ಬಿದ್ದು ಪೆಟ್ಟಾದ ಮೊಲವನ್ನು ಎತ್ತಬಾರದು, ಹಲಗೆಯ ಮೇಲೆ ಸರಿಸಿಕೊಳ್ಳಬೇಕು. ಇವುಗಳ ಕಾರಣ ಮತ್ತು ಕ್ರಮವನ್ನು ಮುಂದೆ ವಿವರಿಸಲಾಗಿದೆ.

1. ಒಂದು ಸಂದರ್ಭ

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಮೂರನೆಯ ತರಗತಿಯ ಬಾಲಕಿಯೊಬ್ಬಳು ಶಾಲೆಯಿಂದ ಬಂದವಳೇ ಗೆಳತಿಯರಿಗೆ ತೋರಿಸಲೆಂದು ಪಂಜರದಿಂದ ಮೊಲವನ್ನು ಎತ್ತಿಕೊಂಡು ಜಗಲಿಯ ಮೇಲೆ ನಿಲ್ಲುತ್ತಾಳೆ. ಎರಡೂ ಕೈಗಳು ಮೊಲದ ಎದೆಯನ್ನು ಬಳಸಿವೆ. ಹಿಂಗಾಲುಗಳು ಕೆಳಗೆ ಜೋತಾಡುತ್ತಿವೆ. ಬೀದಿಯಲ್ಲಿ ನಾಯಿ ಬೊಗಳುತ್ತದೆ. ಮೊಲ ಬೆಚ್ಚಿ ಒದೆಯುತ್ತದೆ, ಕೈಜಾರಿ ಕಲ್ಲುಹಾಸಿನ ಮೇಲೆ ಬೀಳುತ್ತದೆ.

ಮನೆಯವರು ಓಡಿಬರುತ್ತಾರೆ. ಒಬ್ಬರು ಮೊಲವನ್ನು ಎತ್ತಿ ನಿಲ್ಲಿಸಿ ನೋಡುತ್ತಾರೆ, ಅದು ನಿಲ್ಲುವುದಿಲ್ಲ. ಇನ್ನೊಬ್ಬರು ಬಾಯಿಗೆ ನೀರು ಹನಿಸುತ್ತಾರೆ. ಮತ್ತೊಬ್ಬರು ಸೊಂಟಕ್ಕೆ ಬಿಸಿ ಎಣ್ಣೆ ಹಚ್ಚಿ ನೀವುತ್ತಾರೆ. ಯಾರಲ್ಲಿಯೂ ದುರುದ್ದೇಶವಿಲ್ಲ. ಆದರೂ ಈ ಮೂರು ಕೆಲಸಗಳಿಂದ ಬಿದ್ದಾಗ ಆದ ಹಾನಿ ಇಮ್ಮಡಿಯಾಗುವ ಸಂಭವವಿದೆ. ಬೆಳಗಾಗುವಷ್ಟರಲ್ಲಿ ಮೊಲದ ಹಿಂಗಾಲುಗಳಿಗೆ ಸ್ವಾಧೀನವಿಲ್ಲ. ಬಾಲಕಿಯು ತನ್ನಿಂದಲೇ ಹೀಗಾಯಿತೆಂದು ಕೊರಗುತ್ತಾಳೆ. ಅವಳಿಗೆ ಹಿಡಿಯುವ ಕ್ರಮವನ್ನು ಯಾರೂ ಹೇಳಿಕೊಟ್ಟಿರಲಿಲ್ಲ ಎಂಬುದೇ ಇಲ್ಲಿಯ ನಿಜವಾದ ಲೋಪ.

2. ಮೊಲದ ದೇಹರಚನೆ: ಬಲವಾದ ಕಾಲು, ಸೂಕ್ಷ್ಮವಾದ ಬೆನ್ನು

ಮೊಲದ ಎಲುಬಿನ ಗೂಡು ಬಹಳ ಹಗುರ. ಬೆಕ್ಕಿನಲ್ಲಿ ಮೈತೂಕದ ಶೇಕಡಾ 12ರಿಂದ 13ರಷ್ಟು ಎಲುಬಿನದಾದರೆ, ಮೊಲದಲ್ಲಿ ಶೇಕಡಾ 7ರಿಂದ 8 ಮಾತ್ರ. ಎಂದರೆ 3 ಕಿಲೋಗ್ರಾಂ ತೂಗುವ ಮೊಲದ ಮೈಯಲ್ಲಿರುವ ಎಲ್ಲ ಎಲುಬುಗಳ ಒಟ್ಟು ತೂಕ ಕಾಲು ಕಿಲೋಗ್ರಾಮಿನಷ್ಟೂ ಇರುವುದಿಲ್ಲ. ಇದಕ್ಕೆ ಎದುರಾಗಿ, ಓಡಿ ತಪ್ಪಿಸಿಕೊಳ್ಳಲೆಂದು ಪ್ರಕೃತಿಯು ಅದರ ಹಿಂಗಾಲು ಮತ್ತು ಸೊಂಟದ ಸ್ನಾಯುಗಳಿಗೆ ಅಪಾರ ಬಲವನ್ನಿತ್ತಿದೆ.

ಹಿಂಗಾಲುಗಳು ನೆಲದ ಮೇಲಿದ್ದಾಗ ಒದೆತದ ಬಲ ನೆಲಕ್ಕೆ ಹೋಗುತ್ತದೆ. ಅವು ಗಾಳಿಯಲ್ಲಿ ಜೋತಾಡುತ್ತಿರುವಾಗ ಮೊಲ ಒದೆದರೆ ಅಥವಾ ಮೈ ತಿರುಚಿದರೆ ಆ ಬಲವೆಲ್ಲವೂ ಬೆನ್ನುಮೂಳೆಯ ಮೇಲೆ ಬೀಳುತ್ತದೆ. ಆಗ ಬೆನ್ನು ಮುರಿಯುವುದು ಸಾಮಾನ್ಯವಾಗಿ ಸೊಂಟದ ಕೊನೆಯ ಕಶೇರುಕದ ಬಳಿ. ಒಳಗಿನ ಬೆನ್ನುಹುರಿಗೆ ಏಟು ಬಿದ್ದರೆ ಹಿಂಗಾಲು, ಮೂತ್ರಕೋಶ, ಗುದದ್ವಾರಗಳ ಮೇಲಿನ ಹಿಡಿತ ತಪ್ಪುತ್ತದೆ.

ಆದ್ದರಿಂದ ಸದಸ್ಯರು ಗಮನಿಸಬೇಕಾದುದೇನೆಂದರೆ, ಮೊಲದ ಬೆನ್ನು ಮುರಿಯಲು ಎತ್ತರದಿಂದ ಬೀಳಲೇಬೇಕೆಂದಿಲ್ಲ. ಹಿಡಿದವರ ಕೈಯಲ್ಲಿಯೇ, ನೆಲ ತಾಗುವ ಮೊದಲೇ, ತನ್ನ ಒದೆತದಿಂದಲೇ ಮುರಿಯಬಹುದು. ಪಂಜರದೊಳಗೆ ಹಠಾತ್ತನೆ ಬೆಚ್ಚಿ ನೆಗೆದಾಗಲೂ ಹೀಗಾಗುವುದುಂಟು.

3. ಹಿಡಿಯುವ ಮತ್ತು ಇಳಿಸುವ ಕ್ರಮ

ಮೊಲವನ್ನು ಕಿವಿ ಹಿಡಿದು ಎತ್ತುವ ರೂಢಿ ನಮ್ಮ ಸಂತೆಗಳಲ್ಲಿ ಇಂದಿಗೂ ಇದೆ. ಕಿವಿಯಲ್ಲಿ ಮೂಳೆಯಿಲ್ಲ; ಅದು ಮೃದ್ವಸ್ಥಿ, ತೆಳುಚರ್ಮ ಮತ್ತು ರಕ್ತನಾಳಗಳಿಂದ ಕೂಡಿದ ಅಂಗ. ಮೊಲವು ಮೈಯ ಬಿಸಿಯನ್ನು ಹೊರಹಾಕುವುದು ಮುಖ್ಯವಾಗಿ ಕಿವಿಗಳ ಮೂಲಕ. ಅದು ಹಿಡಿಯಲಿರುವ ಹಿಡಿಕೆಯಲ್ಲ. "ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂಬಂತೆ ಹಳೆಯ ರೂಢಿಯನ್ನೇ ಹಿಡಿದು ಕೂರದೆ ಕೆಳಗಿನ ಕ್ರಮವನ್ನು ಗ್ರಾಮಸ್ಥರಿಗೆ ತಿಳಿಯಪಡಿಸತಕ್ಕದ್ದು.

(ಅ) ಮೊಲವು ಬೇಟೆಗೆ ಗುರಿಯಾಗುವ ಪ್ರಾಣಿ. ಮೇಲಿನಿಂದ ಹಠಾತ್ತನೆ ಬರುವ ಕೈ ಅದಕ್ಕೆ ಹದ್ದಿನಂತೆ ತೋರುತ್ತದೆ. ಆದ್ದರಿಂದ ಕುಕ್ಕರಗಾಲಲ್ಲಿ ಕುಳಿತು, ಮೆಲುದನಿಯಲ್ಲಿ ಮಾತನಾಡುತ್ತ, ಪಕ್ಕದಿಂದ ಕೈ ಚಾಚಬೇಕು.

(ಆ) ಒಂದು ಅಂಗೈಯನ್ನು ಮುಂಗಾಲುಗಳ ಹಿಂದೆ ಎದೆಯ ಕೆಳಗೆ ಇಡಬೇಕು. ಇನ್ನೊಂದು ಅಂಗೈಯಿಂದ ಹಿಂಭಾಗವನ್ನು ಕೆಳಗಿನಿಂದ ಪೂರ್ತಿ ಹೊರಬೇಕು. ಎರಡೂ ಕೈಗಳು ಏಕಕಾಲಕ್ಕೆ ಮೇಲೇಳಬೇಕು.

(ಇ) ಎತ್ತಿದ ಕೂಡಲೇ ಮೊಲದ ಮೈ ನಮ್ಮ ಮೈಗೆ ಒತ್ತಿಕೊಂಡಿರಬೇಕು. ಅದರ ತಲೆಯನ್ನು ಮೊಣಕೈಯ ಸಂದಿನಲ್ಲಿ ಮರೆಮಾಡಿದರೆ ಅಂಜಿಕೆ ಕಡಿಮೆಯಾಗುತ್ತದೆ.

(ಈ) ಇಳಿಸುವಾಗ ಪೂರ್ತಿ ಬಗ್ಗಿ, ಕಾಲುಗಳು ನೆಲ ಮುಟ್ಟಿದ ಮೇಲೆಯೇ ಕೈ ಬಿಡಬೇಕು. ಪಂಜರಕ್ಕೆ ಸೇರಿಸುವಾಗ ಹಿಂಭಾಗವನ್ನು ಮೊದಲು ಒಳಗಿಡಬೇಕು. ತಲೆ ಮೊದಲು ಹೋದರೆ ಗೂಡು ಕಂಡ ಆತುರದಲ್ಲಿ ಅದು ಕೈಯಿಂದ ಚಿಮ್ಮುತ್ತದೆ.

(ಉ) ಮೊಲ ಕೊಸರಾಡತೊಡಗಿದರೆ ಬಿಗಿಹಿಡಿತದಿಂದ ಗೆಲ್ಲಲು ಯತ್ನಿಸಬಾರದು. ಹಿಂಭಾಗದ ಆಧಾರ ಬಿಡದೆ ತಕ್ಷಣ ಮಂಡಿಯೂರಿ, ಅದನ್ನು ನೆಲಕ್ಕೆ ಮುಟ್ಟಿಸಿ ಬಿಡಬೇಕು.

(ಊ) ಕಿವಿ, ಕಾಲು ಅಥವಾ ಕೇವಲ ಕತ್ತಿನ ಚರ್ಮವನ್ನು ಹಿಡಿದು ತೂಗಾಡಿಸಬಾರದು. ಅಂಗಾತ ಮಲಗಿಸಿದಾಗ ಮೊಲ ಅಲುಗಾಡದೆ ಇರುವುದುಂಟು. ಮಕ್ಕಳು ಅದನ್ನು ನಿದ್ರೆಯೆಂದು ತಿಳಿಯುತ್ತಾರೆ. ಅದು ನಿದ್ರೆಯಲ್ಲ, ಪ್ರಾಣಭಯದಿಂದ ಬಂದ ಸ್ತಬ್ಧತೆ. ಆಟಕ್ಕಾಗಿ ಹಾಗೆ ಮಾಡಿಸಬಾರದು.

4. ಬೀಳದಂತೆ ಮುನ್ನೆಚ್ಚರಿಕೆ

ಚಿಕ್ಕ ಮಕ್ಕಳಿಗೆ ಒಂದೇ ನಿಯಮ ಸಾಕು: ಮೊಲದೊಡನೆ ಆಟ ನೆಲದ ಮೇಲೆ ಕುಳಿತೇ ಆಗಬೇಕು. ಎತ್ತುವುದು ಹಿರಿಯರ ಕೆಲಸ, ಮೈದಡವುವುದು ಮಕ್ಕಳ ಕೆಲಸ. ಜಗಲಿ, ಮಂಚ, ಬೆಂಚು, ಮೇಜುಗಳ ಮೇಲೆ ಮೊಲವನ್ನು ಕೂರಿಸಿ ಕೈಬಿಡಬಾರದು.

ಹೊಸ ಮನೆಗಳ ನುಣುಪು ಟೈಲ್ಸ್ ಮತ್ತು ಗ್ರಾನೈಟ್ ನೆಲದ ಮೇಲೆ ಮೊಲದ ಕಾಲು ಜಾರುತ್ತದೆ. ಅದರ ಅಂಗಾಲಿನಲ್ಲಿ ನಾಯಿ, ಬೆಕ್ಕುಗಳಿಗಿರುವಂತಹ ಮೆತ್ತೆಗಳಿಲ್ಲ, ರೋಮ ಮಾತ್ರವಿದೆ. ಅಂತಹ ನೆಲಕ್ಕೆ ಗೋಣಿತಾಟು ಅಥವಾ ಹಳೆಯ ಜಮಖಾನ ಹಾಸಬೇಕು. ತಂತಿಯ ತಳವಿರುವ ಪಂಜರದಲ್ಲಿ ಕಾಲು ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಒಂದು ಭಾಗಕ್ಕಾದರೂ ಹಲಗೆ ಹಾಕುವುದು ಒಳಿತು. ನಾಯಿ, ಬೆಕ್ಕುಗಳು ಪಂಜರವನ್ನು ಸುತ್ತುವರಿಯದಂತೆ ನೋಡಿಕೊಳ್ಳುವುದೂ, ಪಟಾಕಿ ಸಿಡಿಸುವ ದಿನಗಳಲ್ಲಿ ಪಂಜರವನ್ನು ಮನೆಯ ಒಳಕೋಣೆಗೆ ಸಾಗಿಸುವುದೂ ಅವಶ್ಯ.

ಸಾಗಿಸುವಾಗ, ವಿಶೇಷವಾಗಿ ದ್ವಿಚಕ್ರ ವಾಹನದಲ್ಲಿ, ಮೊಲವನ್ನು ಮಡಿಲಲ್ಲಿ ಅಥವಾ ಕೈಚೀಲದಲ್ಲಿ ಒಯ್ಯಬಾರದು. ಗಾಳಿಗಂಡಿಗಳಿರುವ, ಮುಚ್ಚಳ ಭದ್ರವಾದ, ತಳದಲ್ಲಿ ಬಟ್ಟೆ ಹಾಸಿದ ಪೆಟ್ಟಿಗೆಯೇ ಆಗಬೇಕು. ನೋವಾಗುವ ರೀತಿಯಲ್ಲಿ ಪ್ರಾಣಿಗಳನ್ನು ಸಾಗಿಸುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮದ 11ನೆಯ ಪ್ರಕರಣದ ಪ್ರಕಾರ ಅಪರಾಧವಾಗಿರುತ್ತದೆ. ಸಂತೆ ನಡೆಯುವ ಗ್ರಾಮಗಳ ಸದಸ್ಯರು ಇದನ್ನು ಮಾರಾಟಗಾರರ ಗಮನಕ್ಕೆ ತರಬೇಕು.

5. ಮೊಲ ಬಿದ್ದಾಗ: ಮೊದಲ ಹತ್ತು ನಿಮಿಷ

ಮೊದಲನೆಯದಾಗಿ, ಯಾರೂ ಎತ್ತಬಾರದು. ಸುತ್ತ ನೆರೆದವರನ್ನೂ ನಾಯಿಗಳನ್ನೂ ದೂರ ಸರಿಸಿ ಸದ್ದಡಗಿಸಬೇಕು. ಬಿದ್ದ ಮೊಲ ಗಾಬರಿಯಿಂದ ಓಡಲು ಯತ್ನಿಸಿದರೆ ಅಟ್ಟಿಸಿಕೊಂಡು ಹೋಗದೆ, ರಟ್ಟಿನ ಪೆಟ್ಟಿಗೆ ಅಥವಾ ಕುಕ್ಕೆಗಳಿಂದ ಸುತ್ತ ತಡೆಯೊಡ್ಡಿ ಜಾಗವನ್ನು ಕಿರಿದಾಗಿಸಬೇಕು.

ಎರಡನೆಯದಾಗಿ, ಮುಟ್ಟದೆ ನೋಡಬೇಕು. ಉಸಿರಾಟ ಹೇಗಿದೆ? ರಕ್ತ ಬರುತ್ತಿದೆಯೇ? ನಾಲ್ಕೂ ಕಾಲುಗಳನ್ನು ಮೈಯಡಿ ಎಳೆದುಕೊಂಡು ಕುಳಿತಿದೆಯೇ? ಹಿಂಗಾಲು ಎಳೆಯುತ್ತಿದ್ದರೆ, ಒಂದು ಪಕ್ಕಕ್ಕೆ ಒರಗಿದ್ದರೆ, ತಾನಾಗಿ ಮೂತ್ರ ಸೋರುತ್ತಿದ್ದರೆ ಬೆನ್ನಿಗೆ ಪೆಟ್ಟಾಗಿದೆಯೆಂದೇ ಭಾವಿಸಬೇಕು. ನಿಲ್ಲಿಸಿ, ನಡೆಸಿ ಪರೀಕ್ಷಿಸಕೂಡದು.

ಮೂರನೆಯದಾಗಿ, ಹಲಗೆಯ ಮೇಲೆ ಸರಿಸಬೇಕು. ಮೊಲದ ಮೈಗಿಂತ ಉದ್ದನೆಯ ಮರದ ಹಲಗೆ, ದಪ್ಪ ರಟ್ಟು ಅಥವಾ ತಟ್ಟೆಯನ್ನು ಪಕ್ಕದಲ್ಲಿಟ್ಟು, ಒಬ್ಬರು ಭುಜ ಮತ್ತು ಸೊಂಟವನ್ನು ಒಂದೇ ಸರಳರೇಖೆಯಲ್ಲಿ ಹಿಡಿದಿರಲು ಇನ್ನೊಬ್ಬರು ಹಲಗೆಯನ್ನು ಮೆಲ್ಲನೆ ಕೆಳಗೆ ತೂರಿಸಬೇಕು. ಮೈಯ ಎರಡೂ ಬದಿಗೆ ಸುತ್ತಿದ ಟವೆಲ್ ಇಟ್ಟು ಹೊರಳದಂತೆ ಮಾಡಿ, ಮೂಗು ತೆರೆದಿರುವಂತೆ ತೆಳುಬಟ್ಟೆ ಹೊದಿಸಬೇಕು. ಅನಂತರ ಹಲಗೆಯ ಸಮೇತ ಪೆಟ್ಟಿಗೆಯಲ್ಲಿಡಬೇಕು. ಕತ್ತಲೆಯೂ ನಿಶ್ಶಬ್ದವೂ ಅದಕ್ಕೆ ಆಗ ಬೇಕಾದ ಮೊದಲ ಔಷಧ.

ನಾಲ್ಕನೆಯದಾಗಿ, ರಕ್ತಸ್ರಾವವಿದ್ದರೆ ಶುದ್ಧವಾದ ಬಟ್ಟೆಯಿಂದ ಐದು ನಿಮಿಷ ಬಿಡದೆ ಮೆಲ್ಲನೆ ಒತ್ತಿಹಿಡಿಯಬೇಕು. ಮೂಗಿನಿಂದ ರಕ್ತ ಬಂದರೆ ಒರೆಸಬೇಕೇ ಹೊರತು ಮುಚ್ಚಬಾರದು. ಮೊಲವು ಉಸಿರಾಡುವುದು ಮೂಗಿನಿಂದಲೇ. ಬಾಯಿ ತೆರೆದು ಉಸಿರಾಡುತ್ತಿದ್ದರೆ ಪರಿಸ್ಥಿತಿ ತೀರ ಗಂಭೀರವೆಂದು ತಿಳಿಯಬೇಕು.

ಐದನೆಯದಾಗಿ, ಕಿವಿ ತಣ್ಣಗಾಗಿ ಒಸಡು ಬಿಳಿಚಿಕೊಂಡಿದ್ದರೆ ಅದು ಆಘಾತದ ಲಕ್ಷಣ. ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಮೊಲದ ಪಕ್ಕದಲ್ಲಿಡಬಹುದು, ಮೈಗೆ ತಾಗಿಸಬಾರದು. ಬೇಸಿಗೆಯ ಹಗಲಿನಲ್ಲಿ ಇದು ಬೇಡ, ನೆರಳು ಮುಖ್ಯ. ಮೊಲಕ್ಕೆ ಬಿಸಿಲಿನ ಝಳ ಸಹಿಸುವ ಶಕ್ತಿಯಿಲ್ಲ.

ಮಾಡಬಾರದ ಕೆಲಸಗಳು ಹೀಗಿವೆ: ಬಾಯಿಗೆ ನೀರು ಸುರಿಯಬಾರದು, ಅದು ಶ್ವಾಸಕೋಶಕ್ಕೆ ಹೋಗಬಹುದು. ಎಣ್ಣೆ ಹಚ್ಚಿ ನೀವಬಾರದು. ಬಿದಿರಿನ ಸೀಳಿನಿಂದ ಕಾಲಿಗೆ ಮನೆಯಲ್ಲೇ ಪಟ್ಟಿ ಕಟ್ಟಬಾರದು. ಮನುಷ್ಯರಿಗೆ ಕೊಡುವ ನೋವಿನ ಮಾತ್ರೆಗಳನ್ನೂ, ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್‌ಗಳನ್ನೂ ಕೊಡಬಾರದು. ಬಾಯಿಯ ಮೂಲಕ ಕೊಟ್ಟ ಪೆನಿಸಿಲಿನ್ ವರ್ಗದ ಔಷಧಗಳು ಮೊಲದ ಕರುಳಿನ ಉಪಯುಕ್ತ ಸೂಕ್ಷ್ಮಜೀವಿಗಳನ್ನು ಕೊಂದು ಪ್ರಾಣಾಪಾಯ ತರಬಲ್ಲವು.

ಈ ಕೆಲಸಗಳು ನಡೆಯುತ್ತಿರುವಾಗಲೇ ಒಬ್ಬರು ಹತ್ತಿರದ ಪಶುಚಿಕಿತ್ಸಾಲಯಕ್ಕೆ ಅಥವಾ 1962 ಶುಲ್ಕರಹಿತ ಪಶು ಸಹಾಯವಾಣಿಗೆ ಕರೆ ಮಾಡಬೇಕು. ಮೊಲದ ವಯಸ್ಸು, ಅಂದಾಜು ತೂಕ, ಎಷ್ಟು ಎತ್ತರದಿಂದ ಯಾವಾಗ ಬಿತ್ತು, ಹಿಂಗಾಲು ಅಲುಗಾಡುತ್ತಿದೆಯೇ, ಉಸಿರಾಟ ಹೇಗಿದೆ ಎಂಬ ಐದು ಸಂಗತಿಗಳನ್ನು ತಿಳಿಸಿದರೆ ವೈದ್ಯರು ಮುಂದಿನ ಸಲಹೆ ನೀಡಲು ಅನುಕೂಲವಾಗುತ್ತದೆ.

6. ಮುಂದಿನ 24 ಗಂಟೆ

ಬಿದ್ದ ಮೊಲ ತಾನಾಗಿ ಎದ್ದು ಕುಪ್ಪಳಿಸಿತೆಂದು ನಿಶ್ಚಿಂತರಾಗುವಂತಿಲ್ಲ. ನೋವನ್ನು ತೋರಿಸಿಕೊಂಡರೆ ವೈರಿಯ ಕಣ್ಣಿಗೆ ಬೀಳುವ ಪ್ರಾಣಿಯಾದುದರಿಂದ ಅದು ನೋವನ್ನು ಅಡಗಿಸುತ್ತದೆ. ಒಂದು ದಿನದ ಮಟ್ಟಿಗೆ ಚಿಕ್ಕ ಪಂಜರದಲ್ಲಿ ಮೆತ್ತನೆಯ ಹಾಸಿನ ಮೇಲೆ ಇರಿಸಿ, ಒಣಹುಲ್ಲು ಮತ್ತು ನೀರನ್ನು ಬಾಯಿಗೆಟಕುವಂತೆ ಇಟ್ಟು ಗಮನಿಸಬೇಕು.

ನೋಡಬೇಕಾದುದು ಮುಖ್ಯವಾಗಿ ಎರಡು: ತಿನ್ನುತ್ತಿದೆಯೇ, ಹಿಕ್ಕೆ ಹಾಕುತ್ತಿದೆಯೇ? ಮೊಲದ ಕರುಳು ಸದಾ ಚಲಿಸುತ್ತಿರಬೇಕು. ನೋವು ಅಥವಾ ಭಯದಿಂದ ಅದು ತಿನ್ನುವುದನ್ನು ಬಿಟ್ಟರೆ ಕರುಳಿನ ಚಲನೆ ನಿಲ್ಲುತ್ತದೆ. ಆಗ ಪೆಟ್ಟಿನಿಂದ ಬದುಕುಳಿದ ಮೊಲವೂ ಹೊಟ್ಟೆಯ ಕಾರಣದಿಂದ ಸಾಯಬಹುದು. ಹನ್ನೆರಡು ಗಂಟೆಗಳ ಕಾಲ ಮೇವು ಮುಟ್ಟದಿದ್ದರೆ ಅಥವಾ ಹಿಕ್ಕೆ ಕಾಣದಿದ್ದರೆ ಅದನ್ನು ತುರ್ತು ಸಂದರ್ಭವೆಂದೇ ಪರಿಗಣಿಸಬೇಕು. ಮೂಲೆ ಹಿಡಿದು ಕೂರುವುದು, ಹಲ್ಲು ಕಡಿಯುವ ಸದ್ದು, ತಲೆ ಒಂದು ಬದಿಗೆ ವಾಲುವುದು, ಹೊಟ್ಟೆಯುಬ್ಬರ, ಮೂತ್ರ ಕಟ್ಟುವುದು ಇವೂ ಅಪಾಯಸೂಚನೆಗಳು. ಮುಖ ತಾಗಿ ಬಿದ್ದಿದ್ದರೆ ಬಾಚಿಹಲ್ಲು ಮುರಿದಿದೆಯೇ ಎಂದೂ ನೋಡಿಸಬೇಕು. ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತದೆ. ಮುರಿದ ಹಲ್ಲು ಓರೆಯಾಗಿ ಬೆಳೆದರೆ ಮೇವು ತಿನ್ನಲಾಗುವುದಿಲ್ಲ.

ಬೆನ್ನುಹುರಿಯ ಸುತ್ತ ಕೇವಲ ಬಾವು ಬಂದಿದ್ದರೆ ಚಿಕಿತ್ಸೆ ಮತ್ತು ಕಟ್ಟುನಿಟ್ಟಾದ ವಿಶ್ರಾಂತಿಯಿಂದ ಕೆಲವು ಮೊಲಗಳು ಚೇತರಿಸಿಕೊಳ್ಳುತ್ತವೆ. ಅಂತಹ ಮೊಲದ ಹಿಂಭಾಗವನ್ನು ದಿನಕ್ಕೆ ಹಲವು ಬಾರಿ ಒರೆಸಿ ಒಣಗಿರುವಂತೆ ಇಡಬೇಕು, ಇಲ್ಲವಾದರೆ ನೊಣ ಕೂತು ಹುಳು ಬೀಳುತ್ತದೆ. ಬೆನ್ನುಹುರಿ ಪೂರ್ತಿ ತುಂಡಾಗಿದ್ದರೆ ಗುಣವಾಗುವ ಆಸೆಯಿಲ್ಲ. ಆಗ ನೋವಿಲ್ಲದ ಮರಣವೇ ದಯೆಯೆಂದು ಪಶುವೈದ್ಯರು ಹೇಳಬಹುದು. ಅದು ಮನೆಯವರಿಗೆ ಕಠಿಣವಾದ ಮಾತು. ಮಗುವಿನಿಂದ ಅದನ್ನು ಮುಚ್ಚಿಡದೆ, "ನಿನ್ನ ತಪ್ಪಲ್ಲ, ಅದರ ನೋವು ನಿಲ್ಲಿಸಲು ಬೇರೆ ದಾರಿಯಿಲ್ಲ" ಎಂದು ಸರಳವಾಗಿ ಹೇಳುವುದು ಹಿರಿಯರ ಕರ್ತವ್ಯ.

7. ಹಿಡಿದವರಿಗೆ ಗಾಯವಾದರೆ

ಕೊಸರಾಡುವ ಮೊಲದ ಉಗುರಿನಿಂದ ಮಕ್ಕಳ ಕೈ, ಎದೆ, ಮುಖಗಳಿಗೆ ಆಳವಾದ ಗೀರುಗಳಾಗುತ್ತವೆ. ಗೀರಾಗಲಿ ಕಡಿತವಾಗಲಿ, ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಬೇಕು. ಧನುರ್ವಾಯು ಚುಚ್ಚುಮದ್ದು ಮತ್ತಿತರ ಚಿಕಿತ್ಸೆಯ ಅಗತ್ಯವನ್ನು ವೈದ್ಯರು ನಿರ್ಧರಿಸುತ್ತಾರೆ. ಕಣ್ಣಿಗೆ ಗೀರಾದರೆ ತಡಮಾಡಲೇಬಾರದು. ಮೊಲದ ಉಗುರುಗಳನ್ನು ಆಗಾಗ್ಗೆ ತುದಿ ಕತ್ತರಿಸುತ್ತಿದ್ದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಬೆದರಿದ ಮೊಲವನ್ನು ಗೀರಿನ ಸಿಟ್ಟಿನಲ್ಲಿ ಎಸೆಯುವುದರಿಂದಲೂ ಅಪಘಾತಗಳಾಗುತ್ತವೆ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಹೇಳಬೇಕು.

8. ಕಾಡುಮೊಲ ಸಾಕುಮೊಲವಲ್ಲ

ಹೊಲ ಕೊಯ್ಯುವಾಗ ಸಿಕ್ಕ ಕಾಡುಮೊಲದ ಮರಿಯನ್ನು ಮನೆಗೆ ತಂದು ಸಾಕುವವರಿದ್ದಾರೆ. ಇದು ಸಲ್ಲದು. ಕಾಡುಮೊಲವು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ರಕ್ಷಣೆಯಲ್ಲಿರುವ ಪ್ರಾಣಿ. ಅದನ್ನು ಹಿಡಿಯುವುದೂ ಇಟ್ಟುಕೊಳ್ಳುವುದೂ ಅಪರಾಧ. ಸಾಕುಮೊಲದ ಮರಿ ಹುಟ್ಟುವಾಗ ಬೆತ್ತಲೆಯಾಗಿದ್ದು ಕಣ್ಣು ಮುಚ್ಚಿರುತ್ತದೆ. ಕಾಡುಮೊಲದ ಮರಿ ರೋಮ ಹೊತ್ತು, ಕಣ್ಣು ತೆರೆದೇ ಹುಟ್ಟುತ್ತದೆ. ತಾಯಿ ದಿನದ ಬಹುಪಾಲು ದೂರದಲ್ಲಿದ್ದು ಹಾಲೂಡಿಸಲು ಮಾತ್ರ ಬರುತ್ತದೆ. ಆದ್ದರಿಂದ ಒಂಟಿಯಾಗಿ ಕಂಡ ಮರಿ ಅನಾಥವಲ್ಲ. ಅದನ್ನು ಇದ್ದಲ್ಲಿಯೇ ಬಿಡಬೇಕು. ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

9. ಗ್ರಾಮ ಪಂಚಾಯಿತಿಯು ಕೈಗೊಳ್ಳಬಹುದಾದ ಕ್ರಮಗಳು

ಇವುಗಳಿಗೆ ದೊಡ್ಡ ಅನುದಾನ ಬೇಕಿಲ್ಲ. ಸದಸ್ಯರ ಆಸಕ್ತಿ ಬೇಕು.

(ಅ) ಪ್ರತಿ ವಾರ್ಡಿನಲ್ಲಿ ಮೊಲ ಸಾಕುವ ಮನೆ, ಶಾಲೆ ಮತ್ತು ಸ್ವಸಹಾಯ ಗುಂಪುಗಳ ಪಟ್ಟಿಯನ್ನು ಸದಸ್ಯರು ಸಿದ್ಧಪಡಿಸಿಕೊಳ್ಳುವುದು.

(ಆ) ಪಂಚಾಯಿತಿ ಕಚೇರಿ ಅಥವಾ ಅರಿವು ಕೇಂದ್ರದಲ್ಲಿ ಒಂದು ತುರ್ತು ಪೆಟ್ಟಿಗೆಯನ್ನು ಇರಿಸುವುದು. ಅದರಲ್ಲಿ ಒಂದು ಹಲಗೆ, ಎರಡು ಟವೆಲ್, ಶುದ್ಧ ಹತ್ತಿಬಟ್ಟೆ, ಗಾಳಿಗಂಡಿಯಿರುವ ಸಾಗಣೆ ಪೆಟ್ಟಿಗೆ ಇದ್ದರೆ ಸಾಕು. ಬೆಕ್ಕು, ನಾಯಿಮರಿ, ಕುರಿಮರಿಗಳಿಗೂ ಇದು ಉಪಯೋಗಕ್ಕೆ ಬರುತ್ತದೆ.

(ಇ) 1962 ಸಂಖ್ಯೆಯನ್ನೂ, ಸ್ಥಳೀಯ ಪಶುಚಿಕಿತ್ಸಾಲಯದ ದೂರವಾಣಿ ಸಂಖ್ಯೆ ಮತ್ತು ವೇಳೆಯನ್ನೂ ಹಾಲಿನ ಡೇರಿ, ಶಾಲೆ ಮತ್ತು ಪಂಚಾಯಿತಿ ಕಚೇರಿಯ ಗೋಡೆಗಳ ಮೇಲೆ ಬರೆಸುವುದು.

(ಈ) ಮಕ್ಕಳ ಗ್ರಾಮ ಸಭೆಯಲ್ಲಿ ಪಶುವೈದ್ಯಾಧಿಕಾರಿ ಅಥವಾ ಪಶು ಸಖಿಯರಿಂದ ಹಿಡಿಯುವ ಕ್ರಮದ ಪ್ರಾತ್ಯಕ್ಷಿಕೆ ಏರ್ಪಡಿಸುವುದು. ಜೀವಂತ ಮೊಲವನ್ನು ನೂರು ಮಕ್ಕಳ ನಡುವೆ ತಂದು ಬೆದರಿಸುವ ಬದಲು ಬಟ್ಟೆಯ ಬೊಂಬೆಯಿಂದಲೇ ಅಭ್ಯಾಸ ಮಾಡಿಸುವುದು ಲೇಸು.

(ಉ) ಶಾಲೆಯಲ್ಲಿ ಪಂಜರವಿದ್ದರೆ, ರಜಾದಿನಗಳಲ್ಲಿ ಮೇವು, ನೀರು, ಸ್ವಚ್ಛತೆಯ ಹೊಣೆ ಯಾರದೆಂದು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಲಿಖಿತವಾಗಿ ನಿಗದಿಪಡಿಸುವಂತೆ ಕೋರುವುದು. ಹೊಣೆ ಹೊರುವವರಿಲ್ಲದಿದ್ದರೆ ಪಂಜರವೂ ಇರಬಾರದು.

ಚರ್ಚೆಗಾಗಿ ಪ್ರಶ್ನೆಗಳು

1. ಮೊಲ ನೆಲಕ್ಕೆ ಬೀಳದೆಯೂ ಅದರ ಬೆನ್ನು ಮುರಿಯುವುದು ಹೇಗೆ?
2. ಮೊದಲ ಭಾಗದಲ್ಲಿ ಹೇಳಿದ ಮನೆಯವರು ಮಾಡಿದ ಮೂರು ತಪ್ಪುಗಳು ಯಾವುವು? ಅವುಗಳ ಬದಲು ಏನು ಮಾಡಬೇಕಿತ್ತು?
3. ಬಿದ್ದ ಮೊಲ ಆರೋಗ್ಯವಾಗಿರುವಂತೆ ಕಂಡರೂ 24 ಗಂಟೆ ಗಮನಿಸಬೇಕೇಕೆ?
4. ತಮ್ಮ ಗ್ರಾಮದಿಂದ ಹತ್ತಿರದ ಪಶುಚಿಕಿತ್ಸಾಲಯ ಎಷ್ಟು ದೂರದಲ್ಲಿದೆ? ರಾತ್ರಿ ವೇಳೆ ಅಪಘಾತವಾದರೆ ವ್ಯವಸ್ಥೆ ಏನು?

ಮಾನ್ಯ ಸದಸ್ಯರೇ, ಜೀವಿಗಳಲ್ಲಿ ದಯೆಯಿರಿಸುವುದು ಸಂವಿಧಾನದ 51ಎ(ಜಿ) ಅನುಚ್ಛೇದವು ನಾಗರಿಕರಿಗೆ ವಿಧಿಸಿರುವ ಮೂಲಭೂತ ಕರ್ತವ್ಯ. ದಯೆಯ ಭಾವನೆ ನಮ್ಮ ಜನರಲ್ಲಿ ಧಾರಾಳವಾಗಿಯೇ ಇದೆ. ಅದು ಸರಿಯಾದ ಕೈಹಿಡಿತವಾಗಿ ಮಾರ್ಪಡಬೇಕಾಗಿದೆ. ಈ ಪಾಠವನ್ನು ಮುಂದಿನ ವಾರ್ಡ್ ಸಭೆಯಲ್ಲಿ ಓದಿಸಿ, ಮೊಲ ಸಾಕುವ ಮನೆಗಳಿಗೆ ಪ್ರತಿಯನ್ನು ತಲುಪಿಸಬೇಕೆಂದು ಕೋರಲಾಗಿದೆ.